ಅಕ್ಕನಿಗೆ ಸುಳಿ ತೋರಿಸಿದ್ದು

ಸರ್ಕಾರಿ ಗುಮಾಸ್ತರು ಸುಳ್ಳು ಹೇಳುತ್ತಾರೆ ಎಂಬ ಅಪವಾದ ಪೂರ್ತಿ ನಿಜವಲ್ಲ. ನಾವು ಸುಳ್ಳು ಹೇಳುವುದಿಲ್ಲ. ಯಾರಾದರೂ ಕೇಳುವವರೆಗೆ ರಿಜಿಸ್ಟರ್ ತೆಗೆಯುವುದಿಲ್ಲ, ಅಷ್ಟೇ. ಭೀಮರಾಯನಗುಡಿ ಕ್ಯಾಂಪಿನ ಕಚೇರಿಯಲ್ಲಿ ಕೂತು, ಡ್ಯಾಮಿನ ಯಾವ ಗೇಟನ್ನು ಯಾವ ದಿನ ಎಷ್ಟು ಎತ್ತಿದರು ಎಂದು ಬರೆದುಕೊಳ್ಳುವುದರಲ್ಲೇ ನನ್ನ ತಲೆ ನರೆತಿದೆ. ಉಳಿದವರು ಕಚೇರಿಯಿಂದ ಮನೆಗೆ ಗುಂಡುಪಿನ್ನು, ಬಿಳಿಹಾಳೆ ಒಯ್ದರು. ನಾನು ಕೇಳುವವರೆಗೆ ಹೇಳದ ಈ ಅಭ್ಯಾಸ ಒಯ್ದೆ.

ಒಂಬತ್ತು ವರ್ಷದ ಹಿಂದಿನ ಬೇಸಗೆಯಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕೃಷ್ಣೆಯ ದಂಡೆಯಲ್ಲಿ ಚಪ್ಪಲಿ, ಟವೆಲ್ಲು ಬಿಟ್ಟು ಕಾಣೆಯಾದರು. ಊರವರು ಮೂರು ದಿನ ಹುಡುಕಿದರು. ಹೆಣ ಸಿಗಲಿಲ್ಲ. ಅಲ್ಲಿ ಎರಡು ಬಂಡೆಗಳ ನಡುವೆ ಸುಳಿಯೊಂದು ಏಳುತ್ತದೆ, ಅದೇ ಎಳೆದುಕೊಂಡಿರಬೇಕು ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೀರಿನ ಕಚೇರಿಯವನಲ್ಲವೇ. ಆ ಸುಳಿ ಏಳುವುದು ಗೇಟು ಎತ್ತಿದಾಗ ಮಾತ್ರ, ಆ ತಿಂಗಳೆಲ್ಲ ಗೇಟು ಮುಚ್ಚಿತ್ತು. ಹಾಗೆಂದು ಬರೆದವನೂ ನಾನೇ. ಆದರೆ ಗಂಡ ಸತ್ತವಳಿಗೆ ಓಣಿಯವರು ರೊಟ್ಟಿ ತಂದುಕೊಡುತ್ತಾರೆ. ಗಂಡ ಬಿಟ್ಟುಹೋದವಳಿಗೆ, ನಿನ್ನಲ್ಲಿ ಏನು ಕುಂದಿತ್ತು ಎಂದು ಕೇಳುತ್ತಾರೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಆ ಸುಳಿ ಭಾಳ ಕೆಟ್ಟದ್ದದ" ಅಂದುಬಿಟ್ಟೆ. ಅಕ್ಕನ ಬಳೆ ಒಡೆಸಿದರು.

ಹುಟ್ಟಿಸಿದ ಮೇಲೆ ಸಾಕಬೇಕಲ್ಲ. ವರ್ಷದಿಂದ ವರ್ಷಕ್ಕೆ ನನ್ನ ಬಾಯಲ್ಲಿ ಆ ಸುಳಿ ಬೆಳೆಯಿತು. ಮೊದಲು ಆಳು ಮುಳುಗುವಷ್ಟಿತ್ತು, ಆಮೇಲೆ ಎಮ್ಮೆ ನುಂಗಿತು, ಕೊನೆಗೆ ಎತ್ತು ಸಮೇತ ಚಕ್ಕಡಿಯನ್ನೇ ಮುಳುಗಿಸಿತು. ಭಾವನ ಹೆಸರಿನಲ್ಲಿ ಎಡೆ ಇಟ್ಟ ದಿನ ಕಣ್ಣೊರೆಸಿಕೊಳ್ಳುತ್ತ ಹೋಳಿಗೆ ತಿನ್ನುತ್ತಿದ್ದೆ. ಹೀಗಿರುವಾಗ ನಾಲ್ಕು ವರ್ಷದ ಹಿಂದೆ ಯಾದಗಿರಿ ಸ್ಟೇಷನ್ನಿನಲ್ಲಿ ನಮ್ಮ ದಿವಂಗತ ಭಾವ ರೈಲು ಕಾಯುತ್ತ ನಿಂತಿದ್ದನ್ನು ಕಂಡೆ. ಪಕ್ಕದಲ್ಲೊಬ್ಬ ಹೆಂಗಸು, ಹೆಗಲ ಮೇಲೊಂದು ಪುಟ್ಟ ಹುಡುಗಿ. ತಪ್ಪು ಮಾಡಿದವರು ಅವರು; ಕಂಬದ ಹಿಂದೆ ಅಡಗಿ ನಿಂತವನು ನಾನು. ರೈಲು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಇದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಈ ಮಳೆಗಾಲದಲ್ಲಿ ಅಕ್ಕ ಸೊಪ್ಪು ಸೋಸುತ್ತ ಕೂತವಳು, "ತಮ್ಮಾ, ನನಗ ಒಮ್ಮಿ ಆ ಸುಳಿ ತೋರಸು" ಅಂದಳು. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? ಸುಳಿ ತಪ್ಪದೆ ಇರುವ, ಆದರೆ ನಾವು ಸಾಯದೆ ಬರುವ ದಿನ ಯಾವುದೆಂದು ನೋಡಿದೆ. ಒಂದೇ ಗೇಟು ಸ್ವಲ್ಪ ಎತ್ತಿದ ದಿನ ಸಿಕ್ಕಿತು. ನದಿಗೆ ಜನ, ಜಾನುವಾರು ಇಳಿಯಬಾರದು ಎಂಬ ಎಚ್ಚರಿಕೆಯನ್ನು ಅದರ ಹಿಂದಿನ ದಿನ ನಾನೇ ಟೈಪು ಮಾಡಿದ್ದೆ. ನಾನು ಆ ಎರಡರಲ್ಲಿ ಯಾವುದಕ್ಕೆ ಸೇರುತ್ತೇನೆ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಹರಗೋಲಿನ ಅಂಬಿಗ ಹಣಮಂತ ಮೊದಲು ಒಲ್ಲೆನೆಂದ. ಅಕ್ಕ ಬಂದ ಕಾರಣ ಹೇಳಿದ ಮೇಲೆ ಸುಮ್ಮನೆ ಹುಟ್ಟು ಕೈಗೆ ತೆಗೆದುಕೊಂಡ. ಕೂತ ಮೇಲೆ ಮಾತ್ರ ಅವನ ಬಾಯಿ ಬಿಚ್ಚಿತು. "ಬ್ಯಾಸಗ್ಯಾಗ ಬರಬೇಕಿತ್ರೀ ಅಕ್ಕಾರ. ಆ ಬಂಡಿಗಲ್ಲಿನ ಮ್ಯಾಲ ಕುಂತು ಬುತ್ತಿ ಉಣಬೌದು. ಮೊಳಕಾಲ ಮಟ ನೀರು. ಆಗ ಸುಳಿನೂ ಇಲ್ಲ, ಏನೂ ಇಲ್ಲ."

"ಹುಟ್ಟು ಹಾಕೋ ಮಾರಾಯ, ಮಾತು ಸಾಕು" ಎಂದು ಗದರಿದೆ.

ಸುಳಿ ಕಂಡಿತು. ನಾನು ಹೇಳಿದಷ್ಟು ದೊಡ್ಡದಲ್ಲ, ಒಂದು ಚಕ್ಕಡಿ ಗಾಲಿಯಷ್ಟು. ಕೆಂಪು ನೀರು ಸದ್ದಿಲ್ಲದೆ ತಿರುಗುತ್ತ ನಡುವೆ ತಗ್ಗಾಗಿ ಒಳಗಿಳಿಯುತ್ತಿತ್ತು. ಅಕ್ಕ ಸೆರಗಿನಿಂದ ಒಂದು ರೊಟ್ಟಿ ತೆಗೆದು ಎಸೆದಳು. ಅದು ಎರಡು ಸುತ್ತು ಸುತ್ತಿ ಮಾಯವಾಯಿತು. ಅಷ್ಟರಲ್ಲಿ ಹರಗೋಲೇ ತಿರುಗತೊಡಗಿತು. ಸುಳಿಯ ಕಥೆ ಹೇಳಿ ಹೇಳಿ ಊರನ್ನೇ ಹೆದರಿಸಿದ್ದ ನಾನು, ಕಣ್ಣು ಮುಚ್ಚಿ ಅಕ್ಕನ ಸೀರೆ ಹಿಡಿದು "ಎವ್ವಾ" ಎಂದು ಕೂಗಿದೆ. ಹಣಮಂತ ಹುಟ್ಟು ಒತ್ತಿ ಹರಗೋಲನ್ನು ಆಚೆ ತಳ್ಳಿದ. ನಾನು ಕಣ್ಣು ತೆರೆದಾಗ ಅಕ್ಕನ ಕೈ ನನ್ನ ತಲೆಯ ಮೇಲಿತ್ತು.

ದಂಡೆ ಮುಟ್ಟಿ, ಬಸ್ಸಿನ ಕಡೆ ನಡೆಯುವಾಗ ಅಕ್ಕ ಮಾತು ತೆಗೆದಳು. "ಅವರು ಕಾಣದಂಗ ಆದ ವಾರನ ನಾವು ಹೆಣ್ಮಕ್ಕಳು ಅಲ್ಲೇ ಕೌದಿ ಒಗದು ಬಂದಿದ್ವಿ. ಆ ಹಣಮಂತ ಅಂದಷ್ಟ ನೀರಿತ್ತು."

ನನ್ನ ಕಾಲು ನಿಂತೇಬಿಟ್ಟವು. "ಮತ್ತ ಇಷ್ಟು ವರ್ಷ ಯಾಕ ಸುಮ್ನಿದ್ದಿ?"

"ನೀ ಅಷ್ಟು ಕಷ್ಟಪಟ್ಟು ಹೇಳಾಕತ್ತಿದ್ದಿ. ಬ್ಯಾಡ ಅನ್ನಾಕ ಮನಸಾಗಲಿಲ್ಲ. ಮಂದಿ ಕೇಳ್ತಾರ, ಸುಳಿ ಹ್ಯಾಂಗದ ಅಂತ. ನಾ ನೋಡಿದ್ರ ತಾನ ಹೇಳೋದು."

ಬಸ್ಸು ಹತ್ತಿ ಕೂತೆವು. ಒಂಬತ್ತು ವರ್ಷದ ಹೊರೆ ಇಳಿಯಿತೆಂದು ನಾನು ಹಗುರಾಗಿ ಶೇಂಗಾ ಬಿಡಿಸುತ್ತಿದ್ದೆ. ಅಕ್ಕ ಕಿಟಕಿಯ ಹೊರಗೆ ಹತ್ತಿ ಹೊಲಗಳನ್ನು ನೋಡುತ್ತಲೇ ಕೇಳಿದಳು, "ಆರಾಮ ಅದಾರೇನು ಅವರು?"

"ಸ್ವಲ್ಪ ಸೊರಗ್ಯಾರ" ಅಂದೆ.

ಅಂದ ಮೇಲೆ ತಿಳಿಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಯಾವ ಬಗೆಯ ಸುಳಿ, ಎಷ್ಟು ಆಳ, ಹೆಣ ಯಾಕೆ ತೇಲಲಿಲ್ಲ. ಈ ಒಂದಕ್ಕೆ ಮಾತ್ರ ಏನೂ ತಯಾರಿರಲಿಲ್ಲ. ಅಕ್ಕನಿಗೆ ಗೊತ್ತಿದ್ದದ್ದು ಅವರು ಹೊಳೆಯಲ್ಲಿ ಸಾಯಲಿಲ್ಲ ಎಂಬುದಷ್ಟೇ. ಎಲ್ಲೋ ಬದುಕಿದ್ದಾರೆಂದು ಹೇಳಿದವನು ನಾನು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಬಳೆ ಒಡೆಸಿದ ದಿನವೂ ಹಾಗೆ ಅತ್ತಿರಲಿಲ್ಲ. ನನಗೆ ಅವಳ ಭುಜ ಮುಟ್ಟುವ ಧೈರ್ಯ ಬರಲಿಲ್ಲ.

ಸುರಪುರ ಹತ್ತಿರವಾದರೂ ಅಳು ನಿಲ್ಲಲಿಲ್ಲ. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, "ಯಾರು ಹೋದ್ರಪ್ಪಾ?" ಎಂದು ಮೆಲ್ಲಗೆ ಕೇಳಿದಳು.

"ಅಕ್ಕನ ಗಂಡ್ರೀ ಎವ್ವಾ" ಅಂದೆ. "ಹೊಳ್ಯಾಗ, ಸುಳಿಗೆ ಸಿಕ್ಕು."