ಕೋಟಿನೊಳಗಿನ ಹೊಟ್ಟೆ

ಎಲ್ಲ ಎಡವಟ್ಟಿಗೂ ಕಾರಣ ಆ ಕೋಟು. ಅಪ್ಪನದು, ಮೊಣಕಾಲು ಮುಟ್ಟುವಂಥದ್ದು. ಗುಡಾಣ ಅದನ್ನು ಕತ್ತಿನವರೆಗೂ ಗುಂಡಿ ಹಾಕಿ ತೊಟ್ಟುಕೊಂಡು, ಹೊಟ್ಟೆ ಕುಣಿಯದಿರಲೆಂದು ಒಳಗಡೆ ಅಕ್ಕನ ಶಾಲು ಬಿಗಿದುಕೊಂಡು, ಬೆಳಗಿನ ಮಬ್ಬಿನಲ್ಲೇ ಬೀದಿಗಿಳಿದ.

ಗುಡಾಣ ಎಂಬುದು ಒಂಬತ್ತನೇ ಕ್ಲಾಸಿನ ಹುಡುಗರು ಇಟ್ಟ ಹೆಸರು. ಅಮ್ಮ ಇಟ್ಟ ಹೆಸರು ಹಾಜರಿ ಕರೆಯುವಾಗಷ್ಟೇ ಬಳಕೆಯಲ್ಲಿತ್ತು. ಪ್ರತಿ ವರ್ಷವೂ ಆಟೋಟದ ದಿನ ಉಳಿದವರು ಓಡುತ್ತಿದ್ದರು, ಇವನು ಅವರ ಬ್ಯಾಗು ಕಾಯುತ್ತಿದ್ದ. ಈ ಸಲ ರಿಲೇ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಡ್ರಿಲ್ ಮೇಷ್ಟ್ರು ಇವತ್ತೇ ಹುಡುಗರನ್ನು ಓಡಿಸಿ ನೋಡುವವರಿದ್ದರು. ಅಷ್ಟರೊಳಗೆ, ತನ್ನ ಮೈ ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ, ತನ್ನಿಂದ ಆಗುತ್ತದೋ ಇಲ್ಲವೋ ನೋಡಿಬಿಡಬೇಕೆಂದು ಅವನ ಆಸೆ.

ಬೇಕರಿಯವನು ಆಗಷ್ಟೇ ಕೆನೆ ಬನ್ನುಗಳ ಟ್ರೇ ಹೊರಗಿಟ್ಟಿದ್ದ. ಎದುರಿಗೆ ದುಡುದುಡು ಓಡುತ್ತಿದ್ದ ಆಕಾರ ಕಂಡು ಅವನ ಹುಬ್ಬು ಮೇಲೇರಿತು.

"ಏಯ್, ನಿಲ್ಲೋ. ಕೋಟಿನೊಳಗೇನೋ ಅದು?"

"ಏನಿಲ್ಲ ಅಂಕಲ್. ನಂದೇ."

"ನಿಂದೇ ಆದ್ರೆ ಮುಚ್ಕೊಂಡು ಯಾಕೋ ಓಡ್ತೀಯ?"

ಇದಕ್ಕೆ ಉತ್ತರ ಹೇಳುವುದಕ್ಕಿಂತ ಓಡುವುದೇ ಸುಲಭವೆನಿಸಿತು. ಓಡಿದ. ಬೇಕರಿಯವನು ಅಂಗಡಿಯನ್ನು ಹಾಗೇ ಬಿಟ್ಟು ಬೆನ್ನು ಹತ್ತಿದ.

ಟೈಲರಮ್ಮ ಕಿಟಕಿಯಿಂದಲೇ ನೋಡಿದಳು. ಊರವರ ಅಳತೆಯೆಲ್ಲ ಬಲ್ಲ ಕಣ್ಣು ಅದು. "ಆ ಉಬ್ಬು ನೋಡಿದ್ರಾ? ಮಿಕ್ಸಿ ಇರ್ಬೇಕು," ಎನ್ನುತ್ತಾ ಅವಳೂ ಚಪ್ಪಲಿ ಕೈಲಿ ಹಿಡಿದು ಓಡಿದಳು. ನಾಯಿಯೊಂದಿಗೆ ವಾಕಿಂಗ್ ಹೊರಟಿದ್ದ ನಿವೃತ್ತ ಪೋಸ್ಟ್ ಮಾಸ್ತರರು, "ನನ್ನ ನಾಯಿ ಸುಮ್ಮಸುಮ್ಮನೆ ಬೊಗಳಲ್ಲ," ಎಂದರು. ನಾಯಿ ಇನ್ನೂ ಬೊಗಳಿರಲಿಲ್ಲ. ಅವರು ಹಗ್ಗ ಜಗ್ಗಿದ ಮೇಲೆ ಪಾಪ, ಬೊಗಳಿತು.

"ಅಷ್ಟಕ್ಕೂ ಇಷ್ಟು ದಪ್ಪ ಹುಡುಗ ಸುಮ್ಮನೆ ಯಾಕೆ ಓಡ್ತಾನೆ ಹೇಳಿ?" ಎಂದಳು ಟೈಲರಮ್ಮ. ಕದ್ದಿದ್ದಾನೆ ಎಂಬುದನ್ನು ಬಿಟ್ಟು ಬೇರೆ ಉತ್ತರ ಯಾರಿಗೂ ಹೊಳೆಯಲಿಲ್ಲ.

ಗುಡಾಣ ನುಗ್ಗಿದ್ದು ಶಾಲೆಯ ಮೈದಾನಕ್ಕೆ. ಅಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದ ಡ್ರಿಲ್ ಮೇಷ್ಟ್ರ ಮುಂದೆ ಕುಸಿದು ಕೂತ. ಎಷ್ಟೋ ಹೊತ್ತಾದ ಮೇಲೆ ಬೆನ್ನಟ್ಟಿದವರು ಏದುಸಿರು ಬಿಡುತ್ತಾ ಬಂದರು. ಬೇಕರಿಯವನು ತಾನೇ ಕೋಟಿನ ಗುಂಡಿ ಬಿಚ್ಚಿದ, ಶಾಲು ಎಳೆದ. ಹೊಟ್ಟೆ ಹೊರಬಂತು. ಮತ್ತೇನೂ ಬರಲಿಲ್ಲ.

ಗುಡಾಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಬೇಕರಿಯಿಂದ ಇಲ್ಲೀವರೆಗೂ ಇವರಿಗ್ಯಾರಿಗೂ ನೀನು ಸಿಗಲಿಲ್ವಾ?" ಮೇಷ್ಟ್ರು ಕೇಳಿದರು.

"ಇಲ್ಲ ಸಾರ್."

"ಈ ಕೋಟು ಹಾಕ್ಕೊಂಡು?"

"ಹೂಂ ಸಾರ್."

"ಹಾಗಾದ್ರೆ ಇನ್ನು ಓಡಿಸಿ ನೋಡೋದೇನಿದೆ? ಆ ಜಾಗ ನಿಂದೇ."

ಗುಡಾಣ ಕೋಟು ಕಳಚಿ ಹೆಗಲಿಗೆ ಹಾಕಿಕೊಂಡ. ಹೊಟ್ಟೆಯನ್ನು ಯಾರು ಬೇಕಾದರೂ ನೋಡಿಕೊಳ್ಳಲಿ ಎನಿಸುವಷ್ಟು ಸಂತೋಷವಾಗಿತ್ತು.

"ಬಾ ಮಗಾ, ಒಂದು ಬನ್ನು ಕೊಡ್ತೀನಿ," ಎಂದ ಬೇಕರಿಯವನು, ತಪ್ಪಿತಸ್ಥನ ಮುಖ ಮಾಡಿಕೊಂಡು. ಎಲ್ಲರೂ ಬೇಕರಿಗೆ ಬಂದರು. ಟ್ರೇ ಖಾಲಿಯಿತ್ತು.

ಪೋಸ್ಟ್ ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಈಗ ಅರ್ಥವಾಯ್ತು ನೋಡಿ. ಇವನು ನಮ್ಮನ್ನೆಲ್ಲ ಅತ್ತ ಎಳ್ಕೊಂಡು ಹೋದ. ಇತ್ತ ಇವನ ಕಡೆಯವರು ಕೆಲಸ ಮುಗಿಸಿದ್ರು."

ಅಷ್ಟರಲ್ಲಿ ಬೇಕರಿಯ ಹಿಂದಿನಿಂದ ರಿಲೇ ತಂಡದ ಮೂವರು ಹುಡುಗರು ಬಂದರು. ಮೂವರೂ ಕಡ್ಡಿ ಪೈಲ್ವಾನರು. ಯಾಕೋ ಬಹಳ ನಿಧಾನವಾಗಿ ನಡೆಯುತ್ತಿದ್ದರು. ಒಬ್ಬ ಬಿಕ್ಕಳಿಸಿದ. ನಾಯಕನ ತುಟಿಯ ಮೇಲೆ ಬೆಳ್ಳಗೆ ಮೀಸೆ.

"ಸಾರ್, ಅವನ ತುಟಿ ನೋಡಿ. ಕೆನೆ," ಎಂದ ಗುಡಾಣ.

ಮೇಷ್ಟ್ರು ನಾಯಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಮೈ ಬನ್ನು ತಿನ್ನೋ ಮೈಯೇನೋ? ಸುಣ್ಣದ ಪುಡಿ ಮೆತ್ತಿರ್ಬೇಕು."

"ಇವನ ಸೊಂಟಕ್ಕೆ ಪ್ಯಾಂಟೇ ನಿಲ್ಲಲ್ಲ ಸಾರ್, ನಾನೇ ಅಳತೆ ತಗೊಂಡಿದೀನಿ," ಎಂದಳು ಟೈಲರಮ್ಮ. ಅಲ್ಲಿಗೆ ವಿಚಾರಣೆ ಮುಗಿಯಿತು. ಎಲ್ಲರ ಕಣ್ಣೂ ಗುಡಾಣನ ಹೊಟ್ಟೆಗೆ ಮರಳಿದವು. ಅವನು ಮೆಲ್ಲಗೆ ಕೋಟು ಹಾಕಿಕೊಂಡ.

"ತಂಡದಲ್ಲಿ ನಿಂಗೆ ಜಾಗ ಇಲ್ಲ," ಎಂದರು ಮೇಷ್ಟ್ರು.

ನಾಯಕ ತುಟಿಯನ್ನು ನಾಲಿಗೆಯಿಂದ ಚೊಕ್ಕಟ ಮಾಡಿಕೊಂಡ. "ಪಾಪ, ಹೋಗ್ಲಿ ಬಿಡಿ ಸಾರ್. ಎಂದಿನ ಹಾಗೆ ನಮ್ಮ ಬ್ಯಾಗು ಕಾಯ್ಕೊಂಡಿರ್ಲಿ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. "ನೋಡಿ ಕಲ್ತುಕೋ," ಎಂದರು ಗುಡಾಣನಿಗೆ, "ಆಟಗಾರನ ಮನಸ್ಸು ಅಂದ್ರೆ ಇದು."