ಇಂಟರ್ನೆಟ್ಟಿಗೆ ಪಾಳಿ ಹಚ್ಚಿದ್ದು

ನನ್ನ ಮಾತು ಕೇಳೂ ಮಂದಿ ಈ ಮನ್ಯಾಗ ಇಲ್ಲ ಅಂತ ಭಾಳ ದಿನ ಗೊಣಗತಿದ್ನಿ. ಒಮ್ಮೆ ಕೇಳಿದ್ರು ನೋಡ್ರಿ. ಕೇಳದಿದ್ರ ಚಲೋ ಇತ್ತು.

ರಾಮದುರ್ಗದಾಗಿನ ನಮ್ಮ ಮನಿ ಇಬ್ಬರು ಮಕ್ಕಳಿಗೆ ಪಾಲಾಗಿ ನಡುವ ಗ್ವಾಡಿ ಎದ್ದಿತ್ತು. ಆ ಕಡೆ ಸಣ್ಣಾಂವ ವಿಜಯ, ಈ ಕಡೆ ದೊಡ್ಡಾಂವ ಶ್ರೀಶೈಲ, ಅವನ ಕೂಡ ನಾನು. ಅಣ್ಣ-ತಮ್ಮರ ಮಾತು ಬಂದ್. ಫೋನು ಮಾತ್ರ ಒಂದ, ಶ್ರೀಶೈಲನ ಕ್ವಾಣ್ಯಾಗ. ಆ ಫೋನಿನ ಲೈನಿನ್ಯಾಗ ಶ್ರೀಶೈಲನ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. (ಬರೂಮುಂದ ಬೆಕ್ಕಿನ ಬಾಲ ತುಳಿದಂಗ ಒದರತಿತ್ತು.) ವಿಜಯನ ಮನ್ಯಾಗೂ ಎರಡು ಕಂಪ್ಯೂಟರ್: ಒಂದು ಅವನ ಹತ್ತಿ ವ್ಯಾಪಾರದ್ದು, ಒಂದು ಮಗಳು ಶೈಲಜಾಂದು. ಮೊಮ್ಮಗಳ ಅಭ್ಯಾಸಕ್ಕ ಬೇಕು ಅಂತ ಶ್ರೀಶೈಲಗ ಗಂಟು ಬಿದ್ದು, ಗ್ವಾಡಿಗೆ ತೂತು ಹೊಡಸಿ ವಾಯರ್ ಹಾಯಿಸಿದ್ನಿ.

ವಾಯರಿನ ಜೋಡಿ ಮಾತೂ ಹಾದು ಬಂತು.

"ಅಣ್ಣಾ, ಲೈನ್ ಹತ್ತೇತೇನ?"

"ಹತ್ತೇತಿ, ತಗೋಪಾ."

ಆ "ಅಣ್ಣಾ" ಕೇಳಿ ಸೆರಗಿಲೆ ಕಣ್ಣು ಒರಸಿಕೊಂಡ್ನಿ.

ಆದ್ರ ಒಂದ ಲೈನಿಗೆ ಮೂರು ಬಾಯಿ. "ಎಲ್ಲಾ ನೀನ ಎಳಕೊಳ್ಳಾಕತ್ತಿ" ಅಂತ ಇಬ್ಬರ ಜಗಳ ಶುರುವಾತು. ಅವಾಗ ನನ್ನ ಬುದ್ಧಿ ಓಡಿತು. ನಮ್ಮ ಯಜಮಾನ್ರು ಇದ್ದಾಗ ಹೊಲದ ಬಾವಿ ನೀರು ಅವರು ಅಣ್ಣ-ತಮ್ಮರು ಪಾಳಿ ಹಚ್ಚಿ ಹಂಚಿಕೊಳ್ಳತಿದ್ರು. ಒಬ್ಬನ ಪಾಳಿ ಬಂತಂದ್ರ ಇನ್ನೊಬ್ಬನ ಕಾಲವಿ ಬಾಯಿ ಮುಚ್ಚೂದು. "ಮುಂಜಾನಿ ಶ್ರೀಶೈಲಂದು, ಮಧ್ಯಾಹ್ನ ವಿಜಯಂದು" ಅಂತ ಘನ ತೀರ್ಪು ಕೊಟ್ನಿ. ಒಪ್ಪಿದ್ರು. ನ್ಯಾಯಾಧೀಶರಂಗ ಕಾಲು ಚಾಚಿ ಎಲಿ-ಅಡಕಿ ಹಾಕ್ಕೊಂಡ್ನಿ.

ಮಧ್ಯಾಹ್ನ ಶ್ರೀಶೈಲ ಉಂಡು ಮಲಗಿದ. ನೋಡಿದ್ರ, ಅವನ ಕಂಪ್ಯೂಟರಿನ ದೀಪ ಮಿಣಮಿಣ ಅನ್ನಾಕತ್ತೇತಿ! ತಮ್ಮನ ಪಾಳ್ಯಾಗ ಕಳವು! ಹೋಗಿ ಬಟನ್ ಒತ್ತಿ ಬಂದ್ ಮಾಡಿದ್ನಿ. ಆ ಕಡೆ ವಿಜಯ ಒದರಿದ. ಮರುದಿನಾನೂ ಮಾಡಿದ್ನಿ, ಅದರ ಮರುದಿನಾನೂ. (ಎದ್ದ ಶ್ರೀಶೈಲ ಕರೆಂಟ್ ಹೋಗಿತ್ತು ಅಂದ್ಕೊತಿದ್ದ.) ಕಡೀಕ ಗ್ವಾಡಿ ತೂತಿನ್ಯಾಗ ಆ ಕಡಿಂದ ವಿಜಯ ಹಳೇ ಅರಿವಿ ಚಿಂದಿ ತುರುಕಿದ. "ಅಣ್ಣಾ" ಅನ್ನೂದು ನಿಂತ ಹ್ವಾತು.

ಒಂದು ದಿನ ವಿಜಯ ಕಟ್ಟಿ ಏರಿ ಬಂದ. "ನನ್ನ ಪಾಳಿ ಹೊತ್ತಿಗೆ ಬೇಕಂತನ ಬಂದ್ ಮಾಡ್ತಿಯೇನ? ಹತ್ತಿ ಸೌದಾ ಮುರದ ಹ್ವಾತು!"

"ನಾ ನಿದ್ದ್ಯಾಗ ಇರತೇನಲೇ!"

"ಕಳ್ಳ ನಿದ್ದಿ!"

ನಾ ನಡುವ ಹೋಗಿ ಎದಿ ಉಬ್ಬಿಸಿದ್ನಿ. "ಜಗಳ್ಯಾಕ್ರೋ? ವಿಜಯಾ, ನಿನ್ನ ಪಾಳ್ಯಾಗ ಅವಂದು ದಿನಾ ನಾನ ಬಂದ್ ಮಾಡೇನಿ. ಒಂದು ಹನಿ ಸೋರಗೊಟ್ಟಿಲ್ಲ."

ಇಬ್ಬರೂ ಪಿಳಿಪಿಳಿ ನೋಡಿದ್ರು.

"ಯವ್ವಾ," ಶ್ರೀಶೈಲ ತಲಿ ಹಿಡಕೊಂಡ, "ಅವನ ಮನಿಗೆ ಇಂಟರ್ನೆಟ್ ನನ್ನ ಕಂಪ್ಯೂಟರ್ ಹಾದ ಹೋಗಬೇಕ. ಇದು ಆರಿದ್ರ ಅಲ್ಲೂ ಇಲ್ಲ."

"ಬಾವೀನ ಮುಚ್ಚಿದ್ಯಲ್ಲಬೇ!" ಅಂದ ವಿಜಯ. ಒಬ್ಬರ ಹೆಗಲ ಮ್ಯಾಲೊಬ್ಬರು ಕೈ ಹಾಕಿ ಬಿದ್ದು ಬಿದ್ದು ನಕ್ರು.

ಈಗ ದಿನಾ ಇಬ್ಬರೂ ಆ ಕ್ವಾಣ್ಯಾಗ ಕೂಡೇ ಕುಂದರತಾರ. ನಾ ಎಲ್ಲೆ ಕೈ ಹಚ್ಚೇನು ಅಂತ ಒಳಗಿಂದ ಚಿಲಕ. ನಿನ್ನೆ ಛಾ ಹಿಡಕೊಂಡು ಹ್ವಾದ್ರ ಒಳಗ ನಗೂನ ನಗು. ತಡೀಲಾರದ ಬಾಗಲಾ ಬಡದ್ನಿ.

"ಏನಲೇ ಅಷ್ಟು ನಗಾಕತ್ತೀರಿ? ನನಗೂ ಹೇಳ್ರಿ."

"ನಿಂದ ಸುದ್ದಿ ತೆಗದೇವಬೇ," ಒಳಗಿಂದ ವಿಜಯ ಅಂದ, "ಆಮ್ಯಾಲೆ ಬಾ."

ಛಾ ಆರಾಕತ್ತಿತ್ತು. ಹೊಸ್ತಿಲ ಹತ್ರ ಇಟ್ಟು ಬಂದ್ನಿ.