ಮಾವನ ರೀಲಿನ ರಿಪೇರಿ

ಬೆಟಗೇರಿಯ ನನ್ನ ಅಂಗಡಿಗೆ ಬಂದ ಯಾವ ಪಂಪ್‌ಸೆಟ್ ಮೋಟರೂ ಕೂಗಾಡುತ್ತ ವಾಪಸ್ ಹೋದದ್ದಿಲ್ಲ. ಅಸುಂಡಿ, ಹೊಂಬಳದ ಹೊಲಗಳಲ್ಲಿ ಗೊರಗೊರ ಅನ್ನುತ್ತಿದ್ದದ್ದು ನನ್ನ ಕೈಗೆ ಬಂದ ಮೇಲೆ ಮುನಿಸಿಕೊಂಡ ಹೆಂಡತಿಯ ಹಾಗೆ ಮೌನ ತಾಳುತ್ತದೆ. ಸದ್ದು ಮಾಡುವ ಯಂತ್ರ ರೋಗಿ, ಈ ಇಸಾಕ ಡಾಕ್ಟರು! ಇಂಥ ನಾನು ತೀರಿಹೋದ ಮಾವನ ಗಾಳದ ರೀಲಿಗೆ ಹೆದರುತ್ತೇನೆಯೇ?

ಮಾವ ಮರ್ದಾನಸಾಬರು ಹಮ್ಮಿಗಿಯವರು. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಗೋವಾದಿಂದ ಆ ರೀಲು ತಂದಿದ್ದರು. ಗಾಳದ ಕೋಲಿಗೆ ಸಿಕ್ಕಿಸಿ ಹಿಡಿಕೆ ತಿರುವಿದರೆ ತಂಗೂಸಿ ದಾರ ತಾನೇ ಸುತ್ತಿಕೊಳ್ಳುತ್ತದೆ. ಸಂಜೆ ಹೊಳೆಗೆ ಹೋದರೆ ಮೀನಿಲ್ಲದೆ ಬಂದವರಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವರ ಹಿಂದೆ ರೀಲೂ ಮೂಲೆ ಸೇರಿ ಬಿಗಿದುಕೊಂಡಿತು. ವರ್ಷದ ಫಾತೆಹಾ ಹತ್ತಿರ ಬಂದಾಗ ನನ್ನ ಹೆಂಡತಿ ಅಫ್ರೀನ ಅದನ್ನು ಟವೆಲ್ಲಿನಲ್ಲಿ ಸುತ್ತಿ ತವರಿನಿಂದ ತಂದಳು.

“ಅಮ್ಮಾ ಕೇಳ್ಯಾಳ. ಫಾತೆಹಾ ದಿನ ಇದು ತಿರುಗಬೇಕಂತ. ಮೊದಲ ಹೆಂಗಿತ್ತೋ ಹಂಗ.”

“ಹಂಗ ಯಾಕ? ಅದಕ್ಕಿಂತ ಚಲೋ ಮಾಡಿಕೊಡ್ತೀನಿ.”

“ಚಲೋ ಬ್ಯಾಡ. ಹಂಗ ಆದ್ರ ಸಾಕು. ಅಬ್ಬಾ ಹೋದಮ್ಯಾಲ ಅಮ್ಮಾ ಏನೂ ಬೇಕಂತ ಬಾಯಿ ಬಿಟ್ಟಿಲ್ಲ. ಇದೊಂದ ಕೇಳ್ಯಾಳ.”

ಹೆಂಡತಿಯ ಮಾತನ್ನು ಅರ್ಧ ಕೇಳುವುದು ಗಂಡಂದಿರ ಹಕ್ಕು. ನಾನು ‘ತಿರುಗಬೇಕು’ ಎಂಬಷ್ಟನ್ನು ಕೇಳಿಸಿಕೊಂಡೆ.

ಗಂಗಾಳಕ್ಕೆ ಡೀಸೆಲ್ ಸುರಿದು ಕೂತೆ. ಪಕ್ಕದಲ್ಲಿ ಅಫ್ರೀನ ಶೇಂಗಾ ಸುಲಿಯುತ್ತಿದ್ದಳು. ರೀಲಿನ ಮುಚ್ಚಳ ಬಿಚ್ಚಿದರೆ ಒಳಗೆ ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದೆ. ಏನೋ ಟಿಣ್ ಎಂದು ಹಾರಿತು.

“ಏನ ಬಿತ್ರಿ?”

“ಏನಿಲ್ಲ. ಒಂದು ಸಣ್ಣ ಸ್ಪ್ರಿಂಗು.”

“ನನ್ನ ಶೇಂಗಾದಾಗ?”

“ನಿನ್ನ ಶೇಂಗಾದಾಗ.”

ಅವಳು ಶೇಂಗಾದ ಮೊರವನ್ನು ನನ್ನ ಕಡೆ ಸರಿಸಿ ಎದ್ದಳು. ಮೋಟರ್ ಲೋಕದ ಚಕ್ರವರ್ತಿ ಸಂಜೆಯವರೆಗೆ ಕೂತು ಶೇಂಗಾ ಸುಲಿದದ್ದಾಯಿತು. ಸ್ಪ್ರಿಂಗು ಮಾತ್ರ ಸಿಗಲಿಲ್ಲ.

ಮರುದಿನ ಅಫ್ರೀನ ಫಾತೆಹಾದ ಕೆಲಸಕ್ಕೆಂದು ಮೊದಲೇ ಹಮ್ಮಿಗಿಗೆ ಹೋದಳು. ನಾನು ರೀಲನ್ನು ಅಂಗಡಿಗೆ ಒಯ್ದು ಪರೀಕ್ಷಿಸಿದೆ. ಆ ಸ್ಪ್ರಿಂಗಿನ ಕೆಲಸವಾದರೂ ಏನು? ಒಂದು ಪುಟ್ಟ ಕೊಕ್ಕೆಯನ್ನು ಹಲ್ಲಿನ ಗಾಲಿಗೆ ಒತ್ತುವುದು. ಕೊಕ್ಕೆಯ ಕೆಲಸ? ಹಲ್ಲಿಗೆ ತಾಗಿ ಕಟಕಟ ಅನ್ನುವುದು. ಸಿಕ್ಕಿಬಿದ್ದ ಕಳ್ಳ! ಕೊಕ್ಕೆಯನ್ನು ಕಿತ್ತು ಗುಜರಿ ಡಬ್ಬಿಗೆ ಎಸೆದೆ. ಗುಜರಿಯವನು ಅವತ್ತೇ ಬಂದು ಡಬ್ಬಿ ಬರಿದು ಮಾಡಿಕೊಂಡು ಹೋದ. ಪಂಪಿನ ಗ್ರೀಸು ತುಂಬಿ ಹಿಡಿಕೆ ತಿರುವಿದರೆ ಬೆಣ್ಣೆ! ಅಫ್ರೀನಳಿಗೆ ಫೋನ್ ಹಚ್ಚಿ, ಅದನ್ನು ರೀಲಿನ ಪಕ್ಕ ಹಿಡಿದು ಹಿಡಿಕೆ ತಿರುವಿದೆ.

“ಕೇಳಾಕತ್ತೈತೇನು?”

“ಏನೂ ಕೇಳವಲ್ದು.”

“ಇಸಾಕನ ಕೈ ಅಂದ್ರ ಅದ!”

“ನೆಟ್‌ವರ್ಕ್ ಇಲ್ಲ ಅನಸ್ತೈತಿ. ಇಡ್ತೀನಿ,” ಎಂದು ಇಟ್ಟುಬಿಟ್ಟಳು.

ಫಾತೆಹಾದ ದಿನ ಬೆಳಿಗ್ಗೆ ಹಮ್ಮಿಗಿಗೆ ಇಳಿದವನೇ ನೇರ ಹೊಳೆಗೆ ಹೋದೆ. ಮಾವನಿಗೆ ಮೀನಿನ ಸಾರೆಂದರೆ ಪ್ರಾಣ. ಅವರ ರೀಲಿನಿಂದಲೇ ಮೀನು ಹಿಡಿದು ಒಯ್ದರೆ ಅತ್ತೆಯ ಕಣ್ಣಲ್ಲಿ ನಾನು ಎಲ್ಲಿಗೋ ಏರಿಬಿಡುತ್ತೇನೆ. ಒಂದು ಕೋಲಿಗೆ ರೀಲು ಸಿಕ್ಕಿಸಿ ಗಾಳ ಎಸೆದೆ. ಮೀನು ಕಚ್ಚಿತು. ಜಗ್ಗಿತು. ಹಿಡಿಕೆ ಹಿಮ್ಮುಖವಾಗಿ ಗಿರ್ರನೆ ತಿರುಗಿ ನನ್ನ ಬೆರಳ ಗೆಣ್ಣುಗಳ ಮೇಲೆ ಪಟಪಟ ಬಡಿಯಿತು. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವುದೂ ಆ ಕೊಕ್ಕೆಯೇ ಎಂಬ ಜ್ಞಾನ ನನಗೆ ಅಲ್ಲಿ ಉದಯಿಸಿತು. ಮೀನು ಇದ್ದಬದ್ದ ತಂಗೂಸಿಯನ್ನೆಲ್ಲ ಎಳೆದುಕೊಂಡು ಹೋಯಿತು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರ ಹತ್ತಿರ ಬೇರೆ ಮೀನು ಕೊಂಡು, ಊದಿದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ.

ಫಾತೆಹಾ ಮುಗಿದು ಮಂದಿಯೆಲ್ಲ ಹೋದ ಮೇಲೆ ಅತ್ತೆ ರಹಿಮತಬಿ ರೀಲನ್ನು ತೊಡೆಯ ಮೇಲಿಟ್ಟುಕೊಂಡರು. ಹಿಡಿಕೆ ತಿರುವಿದರು. ಕಿವಿಯ ಹತ್ತಿರ ತಂದು ಮತ್ತೆ ತಿರುವಿದರು.

“ಇನ್ನೂ ಕೆಟ್ಟೈತೇನಪಾ?”

“ಇಲ್ರಿ ಅಮ್ಮಾ, ರಿಪೇರಿ ಆಗೈತ್ರಿ. ಸದ್ದ ತಗದೀನ್ರಿ.”

“ಸದ್ದ ತಗದಿ?”

ಅವರು ಬಾಗಿಲ ಕಡೆ ನೋಡಿದರು. “ಹೊಳಿಯಿಂದ ಬರೂ ಮುಂದ ಓಣಿ ತುದಿಯಿಂದ ಇದನ್ನ ಕಟಕಟ ತಿರುವಿಕೋತ ಬರ್ತಿದ್ರು. ಆ ಸದ್ದಿಗೆ ನಾ ರೊಟ್ಟಿ ಹಂಚು ಇಡ್ತಿದ್ನಿ. ಇನ್ನೊಮ್ಮಿ ಕೇಳೂಣು ಅಂತ ಅಂದಿದ್ನಿ, ಅಷ್ಟ. ಇರ್ಲಿ ಬಿಡಪಾ. ಅವರೂ ಸದ್ದ ಮಾಡದನ ಹೋದ್ರು.”

ಕೊಕ್ಕೆ ಗುಜರಿ ಸೇರಿತ್ತು, ಸ್ಪ್ರಿಂಗು ಯಾವ ಶೇಂಗಾ ಹೊಟ್ಟಿನಲ್ಲಿತ್ತೋ.

“ಅಮ್ಮಾ, ಒಮ್ಮಿ ತಿರುವ್ರಿ,” ಎಂದೆ.

ಅವರು ತಿರುವಿದರು. ನಾನು ನಾಲಿಗೆಯನ್ನು ಅಂಗುಳಕ್ಕೆ ಬಡಿದು ಬಾಯಲ್ಲೇ ಕಟ, ಕಟ, ಕಟ ಎಂದೆ. ಗದಗ-ಬೆಟಗೇರಿಯ ಮೋಟರುಗಳ ಬಾಯಿ ಮುಚ್ಚಿಸಿದ ಇಸಾಕ, ಅತ್ತೆಯ ಎದುರು ಚಕ್ಕಳಮಕ್ಕಳ ಕೂತು ಹಲ್ಲಿಯ ಹಾಗೆ ಲೊಚಗುಟ್ಟಿದ. ಅಫ್ರೀನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ರೀಲನ್ನು ನನ್ನ ಕೈಗೆ ಕೊಟ್ಟರು.

“ಇಲ್ಲಿ ಕುಂತ ಅಲ್ಲಪಾ. ಓಣಿ ತುದಿಯಿಂದ ಬಾ.”

ಹಗಲು ಹೊತ್ತು, ಓಣಿಯ ಕಟ್ಟೆಗಳ ತುಂಬ ಜನ. ನಾನು ಅಫ್ರೀನಳ ಮುಖ ನೋಡಿದೆ. ಅವಳು ನನ್ನ ಚಪ್ಪಲಿ ತಂದು ಮುಂದಿಟ್ಟಳು.

“ಹೋಗ್ರಿ. ಮೊದಲ ಹೆಂಗಿತ್ತೋ ಹಂಗ.”